ಒಂದೇ ಉಚ್ಚಾರ, ಎರಡು ಬಂಧನ

ಜಪಾನಿನ ನ್ಯಾಯಭಾಷೆಯಲ್ಲಿ ‘ಕೋರ್ಯೂ’ ಎಂಬ ಒಂದೇ ಉಚ್ಚಾರದ ಎರಡು ಪದಗಳುಂಟು. ಬರೆಯುವಾಗ ಮೊದಲ ಅಕ್ಷರ ಬೇರೆ. ಕಿವಿಗೆ ಮಾತ್ರ ಎರಡೂ ಒಂದೇ. ಒಂದು ಶಿಕ್ಷೆ, ಅಪರಾಧವು ಸಿದ್ಧವಾದ ಬಳಿಕ ನ್ಯಾಯಾಲಯವು ವಿಧಿಸುವ, 30 ದಿನಗಳಿಗಿಂತ ಕಡಿಮೆ ಅವಧಿಯ ಸೆರೆ. ಇನ್ನೊಂದು ಶಿಕ್ಷೆಯಲ್ಲ, ಆರೋಪಿಯು ತಪ್ಪಿಸಿಕೊಳ್ಳದಂತೆ, ಸಾಕ್ಷ್ಯವನ್ನು ನಾಶಪಡಿಸದಂತೆ, ತೀರ್ಪಿಗೆ ಮುನ್ನ ನ್ಯಾಯಾಧೀಶರ ಆಜ್ಞೆಯಿಂದ ಇರಿಸುವ ಬಂಧನ.

1948ರ ದಂಡಪ್ರಕ್ರಿಯಾ ಸಂಹಿತೆಯಂತೆ ಈ ಎರಡನೆಯದರ ಅವಧಿ 10 ದಿನ. ಅಗತ್ಯವಾದರೆ ಮತ್ತೆ 10 ದಿನ. ಅದಕ್ಕೆ ಮುಂಚಿನ ದಸ್ತಗಿರಿಯ 3 ದಿನಗಳೂ ಕೂಡಿದರೆ 23. ದೋಷಾರೋಪಣೆಯಾಗುವವರೆಗೆ ಜಾಮೀನಿಲ್ಲ. ಹೀಗೆ ಅಪರಾಧಿಯೆನಿಸದವನ ಬಂಧನವು ಅಪರಾಧಿಯ ಶಿಕ್ಷೆಯಷ್ಟೇ ದೀರ್ಘವಾಗಬಲ್ಲದು.

ದೀರ್ಘಬಂಧನದ ನಂತರದ ತಪ್ಪೊಪ್ಪಿಗೆಯು ಸಾಕ್ಷ್ಯವಾಗದೆಂದು 1946ರಲ್ಲಿ ಪ್ರಕಟವಾದ ಸಂವಿಧಾನದ 38ನೆಯ ವಿಧಿಯು ಸಾರಿತ್ತು. ಆದರೂ 1966ರಲ್ಲಿ ಬಂಧಿತರಾದ ಇವಾವೊ ಹಕಮಾದ ಅವರು ಸುಮಾರು 20 ದಿನಗಳ ಕಠೋರ ವಿಚಾರಣೆಗೆ ಸೋತು ಕೊಲೆಯನ್ನು ಒಪ್ಪಿಕೊಂಡರು. ನ್ಯಾಯಾಲಯದಲ್ಲಿ ಅದನ್ನು ನಿರಾಕರಿಸಿದರೂ 1968ರಲ್ಲಿ ಶಿಜುಒಕ ಜಿಲ್ಲಾ ನ್ಯಾಯಾಲಯವು ಅವರಿಗೆ ಮರಣದಂಡನೆ ವಿಧಿಸಿತು. ಅದೇ ನ್ಯಾಯಾಲಯವು 2024ರಲ್ಲಿ ಮರುವಿಚಾರಣೆ ನಡೆಸಿ ಅವರನ್ನು ನಿರ್ದೋಷಿಯೆಂದು ಘೋಷಿಸಿತು. ಅಷ್ಟರಲ್ಲಿ ಅವರಿಗೆ 88 ವರ್ಷ.

ಶಾಸ್ತ್ರವು ಎರಡು ಅಕ್ಷರಗಳಿಂದ ಬೇರ್ಪಡಿಸಿದ್ದನ್ನು ಆಚರಣೆಯು ಒಂದಾಗಿಸಿತು. ತೀರ್ಪಿಗೆ ಮುನ್ನವೇ ದಂಡಿಸದಿರುವ ಸಂಯಮವು ಲಿಪಿಯಲ್ಲಿದ್ದರೆ ಸಾಲದು, ಅಧಿಕಾರವುಳ್ಳವರ ನಡೆಯಲ್ಲಿರಬೇಕು.