ಹಿಮವನ್ನು ಓದಲು ಕಲಿತ ಕಥೆ

ಹಿಮ ಮನುಷ್ಯನನ್ನು ಹೂಳಬಲ್ಲದೆಂಬುದು 2016ರ ಫೆಬ್ರವರಿಯಲ್ಲಿ ಕನ್ನಡನಾಡಿನ ಮನೆಮನೆಗೂ ತಿಳಿಯಿತು. ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ದೊರೆತರೂ, ಮೂರು ದಿನಗಳ ಬಳಿಕ ದೆಹಲಿಯಲ್ಲಿ ಕೊನೆಯುಸಿರೆಳೆದರು. ಅಲ್ಲಿ ಕುಸಿದದ್ದು ನೀರ್ಗಲ್ಲಿನ ಗೋಡೆ. ಆದರೆ ನೋಡಲು ಅರಳೆಯಂತಿರುವ ಹೊಸ ಹಿಮವೂ ಕೊಲ್ಲುತ್ತದೆ. ಅದನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಎಂಬುದನ್ನು ಮನುಷ್ಯನು ಕಲಿತ ಕಥೆ ಬಹುಮಟ್ಟಿಗೆ ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ನಡೆದದ್ದು.

ಮೊದಲು ಅಲ್ಲಿನ ಜನ ಕಲಿತದ್ದು ಹಿಮ ಎಲ್ಲಿ ಕುಸಿಯುವುದೆಂಬುದನ್ನು. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಕಣಿವೆಯವರು ಊರ ಮೇಲಣ ಕಾಡನ್ನು ಯಾರೂ ಕಡಿಯಕೂಡದೆಂದು 1397ರಲ್ಲಿಯೇ ಕಟ್ಟಳೆ ಮಾಡಿದರು. ಆ ಮರಗಳೇ ಅವರ ಕೋಟೆ. ಅರಣ್ಯಾಧಿಕಾರಿ ಯೋಹಾನ್ ಕೋಆಟ್ಸ್ 1881ರಲ್ಲಿ ಹಿಮಕುಸಿತಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಆದರೆ ಯಾವ ದಿನ ಕುಸಿದೀತೆಂದು ಹೇಳಬಲ್ಲವರು ಯಾರು?

ಈ ಅಜ್ಞಾನದ ಬೆಲೆ ಯುದ್ಧಕಾಲದಲ್ಲಿ ತಿಳಿಯಿತು. 1916ರ ಡಿಸೆಂಬರ್ 13ರಂದು, ಹಲವು ದಿನ ಎಡೆಬಿಡದೆ ಹಿಮ ಸುರಿದ ಮೇಲೆ, ಮಾರ್ಮೊಲಾದಾ ಪರ್ವತದಲ್ಲಿದ್ದ ಆಸ್ಟ್ರಿಯಾ ಸೇನೆಯ ಬಿಡಾರದ ಮೇಲೆ ಹಿಮರಾಶಿ ಉರುಳಿತು. ಇನ್ನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಆ ಜಾಗ ಅಪಾಯಕರವೆಂದು ಬಿಡಾರದ ನಾಯಕನು ಮೊದಲೇ ಮೊರೆಯಿಟ್ಟಿದ್ದರೂ ಮೇಲಿನವರು ಕಿವಿಗೊಟ್ಟಿರಲಿಲ್ಲ.

1936ರಲ್ಲಿ ದಾವೋಸ್ ಊರಿನ ಮೇಲೆ, 2,600 ಮೀಟರಿಗೂ ಎತ್ತರದ ವೈಸ್‌ಫ್ಲೂಯೋಖ್‌ನಲ್ಲಿ ವಿಜ್ಞಾನಿಗಳು ಪ್ರಯೋಗಶಾಲೆ ತೆರೆದರು. ಹಿಮದಲ್ಲಿ ಗುಂಡಿ ತೋಡಿ ಅದರ ಗೋಡೆಯನ್ನು ಪರೀಕ್ಷಿಸುವುದು ಅವರ ಕೆಲಸ. ಒಂದೊಂದು ಹಿಮಪಾತವೂ ಅಲ್ಲಿ ಒಂದೊಂದು ಪದರವಾಗಿ ಉಳಿದಿರುತ್ತದೆ. ಹಿಮ ತೆಳುವಾಗಿದ್ದು ಚಳಿ ಬಿಗಿದಾಗ, ನೆಲದ ಕಾವಿನಿಂದೆದ್ದ ಆವಿ ಅಡಿಯ ಹಿಮವನ್ನು ಸಕ್ಕರೆಯಂಥ ಬಿಡಿ ಹರಳುಗಳನ್ನಾಗಿ ಮಾಡುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಗಟ್ಟಿಯಾದರೆ, ರಾಗಿಯ ಕಾಳಿನ ಮೇಲೆ ಹಲಗೆಯಿಟ್ಟು ಓರೆ ಮಾಡಿದಂತೆ! ಒಬ್ಬ ಮನುಷ್ಯನ ಭಾರ ಸಾಕು, ಇಳಿಜಾರೇ ಜಾರುತ್ತದೆ. ಹೊಸ ಹಿಮ ಹೊರೆ ಮಾತ್ರ. ದೋಷ ಹಲವು ವೇಳೆ ವಾರಗಳ ಹಿಂದಿನದು.

1951ರ ಜನವರಿಯಲ್ಲಿ ಭಾರಿ ಹಿಮಪಾತವಾಯಿತು. ಆ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 98 ಜನ ಹಿಮಕುಸಿತಕ್ಕೆ ಬಲಿಯಾದರು. ಬಳಿಕ ಇಳಿಜಾರುಗಳಲ್ಲಿ ತಡೆಬೇಲಿಗಳೆದ್ದವು. ಅಪಾಯದ ವಲಯಗಳ ನಕ್ಷೆಗಳಾದವು. 1999ರ ಫೆಬ್ರವರಿಯಲ್ಲಿ ಮತ್ತೆ ಅಂಥದೇ ಹಿಮ ಬಿದ್ದಾಗ ಅಲ್ಲಿ ಸತ್ತವರು 17 ಮಂದಿ. ಆದರೂ ಅದೇ ತಿಂಗಳ 23ರಂದು ಆಸ್ಟ್ರಿಯಾದ ಗಾಲ್ಟ್ಯೂರ್‌ನಲ್ಲಿ, ಸುರಕ್ಷಿತವೆಂದು ನಕ್ಷೆಯಲ್ಲಿ ಗುರುತಿಸಿದ್ದ ಮನೆಗಳಿಗೂ ಹಿಮ ನುಗ್ಗಿ 31 ಜನರನ್ನು ಕೊಂದಿತು. ನಕ್ಷೆ ಕಳೆದ ಕಾಲವನ್ನು ಬಲ್ಲದು, ಬರುವುದನ್ನೆಲ್ಲ ಬಲ್ಲದೆ?

ನಮ್ಮ ದೇಶದಲ್ಲಿಯೂ 1969ರಲ್ಲಿ ಮನಾಲಿಯಲ್ಲಿ ಹಿಮಾಧ್ಯಯನ ಕೇಂದ್ರವೊಂದು ಸ್ಥಾಪಿತವಾಯಿತು. ಯೂರೋಪಿನಲ್ಲಿ 1993ರಿಂದ ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಸಾರುತ್ತಾರೆ. ವಿಚಿತ್ರವೆಂದರೆ, ಹೆಚ್ಚು ಜನ ಸಾಯುವುದು ನಡುವಣ ಮೂರನೆಯ ಮೆಟ್ಟಿಲಿನಲ್ಲಿ. ನಾಲ್ಕು, ಐದು ಎಂದರೆ ಜನ ಹೆದರಿ ಮನೆಯಲ್ಲಿರುತ್ತಾರೆ. ಮೂರು ಎಂದರೆ ಧೈರ್ಯ ಮಾಡುತ್ತಾರೆ.

ಬಲ್ಲವರು ಇಂದಿಗೂ ಕೇಳುವ ಪ್ರಶ್ನೆಗಳು ಸರಳವಾದವು. ಈ ಒಂದೆರಡು ದಿನಗಳಲ್ಲಿ ಹಿಮ ಬಿತ್ತೆ? ಗಾಳಿ ಅದನ್ನು ಯಾವ ಮಗ್ಗುಲಿಗೆ ಒಟ್ಟಿದೆ? ಪಕ್ಕದ ಇಳಿಜಾರು ಕುಸಿದಿದೆಯೆ? ಕಾಲಡಿಯಲ್ಲಿ ಧೊಪ್ಪೆಂಬ ಸದ್ದಾಯಿತೆ? ಬಿಸಿಲು ಏರುತ್ತಿದೆಯೆ? ಇಳಿಜಾರು 30 ಡಿಗ್ರಿಗಿಂತ ಕಡಿದೆ? ಬಳಿಕ ಸಲಿಕೆ ಹಿಡಿದು, ಹಿಮವನ್ನು ಕಂಬದಂತೆ ಕೊರೆದು, ಮೇಲಿನಿಂದ ತಟ್ಟಿ ನೋಡುತ್ತಾರೆ. ಇಷ್ಟಾದ ಮೇಲೂ ಅನುಮಾನವಿದ್ದರೆ ಹಿಂದಿರುಗುತ್ತಾರೆ. ಹಿಮಪಾತ ನಿಂತು ಆಕಾಶ ತಿಳಿಯಾದ ಆ ಮೊದಲ ಬೆಳಗಿನಲ್ಲಿ, ಪರ್ವತವೆಲ್ಲ ಬೆಳ್ಳಿಯಾಗಿ ಕರೆಯುತ್ತಿರುವಾಗ ಹಾಗೆ ಹಿಂದಿರುಗುವುದೇ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಪಾಠ.