ತುಂಬಿರಬೇಕು, ಇಲ್ಲವೇ ಬರಿದಾಗಿರಬೇಕು

ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರು ಆಗುವಷ್ಟರಲ್ಲಿ ಶಕ್ತಿನಗರದ ಚಿಮಣಿಗಳು ಕಣ್ಣಿಗೆ ಬೀಳುತ್ತವೆ. ಒಂದು ಕಡೆ ದೇವಸೂಗೂರಿನ ಸೂಗೂರೇಶ್ವರನ ಗುಡಿ, ಇನ್ನೊಂದು ಕಡೆ ಕೃಷ್ಣೆ, ನಡುವೆ ಕಲ್ಲಿದ್ದಲು ಉರಿಸಿ ನಾಡಿಗೆ ಬೆಳಕು ಕೊಟ್ಟ ಊರು. ಇಲ್ಲಿಯ ತಾಪವಿದ್ಯುತ್ ಕೇಂದ್ರದ ಮೊದಲ 210 ಮೆಗಾವ್ಯಾಟ್ ಘಟಕ ಚಾಲೂ ಆದದ್ದು 1985ರಲ್ಲಿ. ಮುಂದೆ ಅದೇ ಅಳತೆಯ ಇನ್ನೂ ಆರು, ಕೊನೆಗೆ 250 ಮೆಗಾವ್ಯಾಟಿನದೊಂದು ಸೇರಿ ಒಟ್ಟು 1,720 ಮೆಗಾವ್ಯಾಟ್ ಆಯಿತು. ಅದೇ 1985ರಲ್ಲಿ ಹೀರೊ ಹೋಂಡಾದ ಸಿಡಿ 100 ಬೈಕು ದೇಶದ ಮಾರುಕಟ್ಟೆಗೆ ಇಳಿಯಿತು. ಬಾಯ್ಲರಿಗೂ ಬೈಕಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಬಹುದು. ನಂಟು ಇದೆ. ಎರಡೂ ಓಡಿ ಸವೆಯುವಂತೆಯೇ ನಿಂತೂ ಕೆಡುತ್ತವೆ.

ತಾಪವಿದ್ಯುತ್ ಕೇಂದ್ರದಲ್ಲಿ ದುಡಿದವರಿಗೆ ಇದು ಹೊಸ ಮಾತಲ್ಲ. ಮಳೆಗಾಲದಲ್ಲಿ ಪಂಪ್‌ಸೆಟ್‌ಗಳು ಸುಮ್ಮನಾಗಿ, ಜಲವಿದ್ಯುತ್ ಹೆಚ್ಚಾಗಿ, ಕರೆಂಟಿನ ಬೇಡಿಕೆ ಇಳಿದಾಗ ಕಲ್ಲಿದ್ದಲಿನ ಘಟಕಗಳನ್ನು ನಿಲ್ಲಿಸುತ್ತಾರೆ. ನಿಂತ ಬಾಯ್ಲರಿನ ಕೊಳವೆಗಳಿಗೆ ತೇವವೂ ಗಾಳಿಯೂ ಒಟ್ಟಿಗೆ ಸಿಕ್ಕರೆ ತುಕ್ಕು ಹಿಡಿಯುತ್ತದೆ. ಅದನ್ನು ತಪ್ಪಿಸಲು ಇರುವ ದಾರಿ ಎರಡೇ. ಆಮ್ಲಜನಕವನ್ನು ಹೀರುವ ರಾಸಾಯನಿಕ ಬೆರೆಸಿದ ನೀರನ್ನು ಕಂಠಮಟ್ಟ ತುಂಬಿಸಿಡಬೇಕು, ಇಲ್ಲವೇ ಪೂರ್ತಿ ಒಣಗಿಸಿ ಸಾರಜನಕ ತುಂಬಬೇಕು. ಅರ್ಧಂಬರ್ಧ ಬಿಡುವಂತಿಲ್ಲ. ಇಷ್ಟು ಕಟ್ಟುನಿಟ್ಟು ಗೊತ್ತಿರುವ ಊರಿನ ಸುತ್ತಮುತ್ತಲೇ ಸಾವಿರಾರು ಮೋಟಾರು ಸೈಕಲ್ಲುಗಳು ಅರ್ಧ ಟ್ಯಾಂಕು ಪೆಟ್ರೋಲಿನೊಂದಿಗೆ ತಿಂಗಳುಗಟ್ಟಲೆ ಮೂಲೆ ಹಿಡಿಯುತ್ತವೆ.

ಅದಕ್ಕೆ ಕಾರಣ ಗುಳೆ. ದೇವದುರ್ಗ, ಮಾನ್ವಿ ಸೀಮೆಯ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕೈಯಲ್ಲಿ ಕೆಲಸ ಇಲ್ಲವಾದಾಗ ಕುಟುಂಬಕ್ಕೆ ಕುಟುಂಬವೇ ಗಂಟುಮೂಟೆ ಕಟ್ಟುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕೆಲವರು, ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಇನ್ನು ಕೆಲವರು. ಕಾಲುವೆ ನೀರು ಕಂಡ ಊರುಗಳಲ್ಲಿ ಗುಳೆ ತಗ್ಗಿದೆ, ನೀರು ಮುಟ್ಟದ ಊರುಗಳಲ್ಲಿ ಇಂದಿಗೂ ನಿಂತಿಲ್ಲ. ಮುದುಕರು ಮನೆ ಕಾಯುತ್ತಾರೆ, ಎಮ್ಮೆ ಪಕ್ಕದವರ ಪಾಲಾಗುತ್ತದೆ. ಗಾಡಿಯನ್ನು ಮಾತ್ರ ಪಡಸಾಲೆಗೆ ತಳ್ಳಿ, ಮೇಲೊಂದು ಹಳೆಯ ಸೀರೆಯನ್ನೋ ಗೊಬ್ಬರದ ಚೀಲವನ್ನೋ ಹೊದಿಸಿ ಹೊರಡುತ್ತಾರೆ. ಮೊಹರಂಗೋ ಜಾತ್ರೆಗೋ ಮುಂಗಾರಿನ ಬಿತ್ತನೆಗೋ ಮರಳಿದಾಗಲೇ ಅದಕ್ಕೆ ಮತ್ತೆ ಕಿಕ್ಕು ಬೀಳುವುದು.

ಮೊದಲು ಈ ಪದ್ಧತಿಯಿಂದ ಅಂಥ ತೊಂದರೆ ಇರಲಿಲ್ಲ. ಲೂನಾ, ರಾಜದೂತ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಇವೆಲ್ಲ ಎರಡು ಸ್ಟ್ರೋಕಿನ ಗಾಡಿಗಳು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ನಿಂತು ನಿಂತು ಕಾರ್ಬೊರೇಟರಿನಲ್ಲಿ ಜಿಡ್ಡು ಕಟ್ಟಿದರೆ ಮೆಕ್ಯಾನಿಕ್ ಬಿಚ್ಚಿ, ಜೆಟ್ಟಿಗೆ ಊದಿ, ಪ್ಲಗ್ಗು ಉಜ್ಜಿದರೆ ಮುಗಿಯಿತು. ಮೈಸೂರಿನ ಆ ಕಾರ್ಖಾನೆ 1961ರಲ್ಲಿ ಬೈಕು ಹೊರತರಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಷ್ಟರೊಳಗೆ ನಾಲ್ಕು ಸ್ಟ್ರೋಕಿನ, ಲೀಟರಿಗೆ ಹೆಚ್ಚು ಮೈಲೇಜು ಕೊಡುವ ಗಾಡಿಗಳು ಹಳ್ಳಿ ಹೊಕ್ಕಿದ್ದವು. ಗಾಡಿ ಬದಲಾದದ್ದು ಎಲ್ಲರ ಕಣ್ಣಿಗೂ ಕಂಡಿತು. ಆಮೇಲೆ ಒಳಗಿನ ಪೆಟ್ರೋಲಿಗೆ ಮದ್ಯಸಾರ ಸೇರಿದ್ದು ಮಾತ್ರ ಯಾರಿಗೂ ಕಾಣಲಿಲ್ಲ.

ಹಾಗೆ ನೋಡಿದರೆ ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಯೋಚನೆ ನಿನ್ನೆ ಮೊನ್ನೆಯದಲ್ಲ. ಸಕ್ಕರೆ ಕಾರ್ಖಾನೆ ಬಂದಲ್ಲೆಲ್ಲ ಕಾಕಂಬಿ ರಾಶಿ ಬೀಳುತ್ತದೆ, ಕಾಕಂಬಿ ಇದ್ದಲ್ಲಿ ಮದ್ಯಸಾರ ಇಳಿಸಬಹುದು. ಮೈಸೂರು ಸಂಸ್ಥಾನದಲ್ಲಿ ಮಂಡ್ಯದ ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿತು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿಯ ನಿಜಾಂ ಸಕ್ಕರೆ ಕಾರ್ಖಾನೆ ಬೋಧನದಲ್ಲಿ 1937ರಲ್ಲಿ ಆರಂಭವಾಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲು ರೇಷನ್ನಿಗೆ ಬಿದ್ದು, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡತೊಡಗಿದ ಮೇಲೆ ಮದ್ಯಸಾರದ ಬೆಲೆ ಸರ್ಕಾರಗಳಿಗೆ ತಿಳಿಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೇಶ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆಯನ್ನು ಮಾಡಿತು. ರಾಯಚೂರು ಭಾರತ ಒಕ್ಕೂಟಕ್ಕೆ ಸೇರಿದ್ದೂ ಅದೇ ವರ್ಷ, ಸೆಪ್ಟೆಂಬರಿನಲ್ಲಿ. ಮುಂದೆ ಕಚ್ಚಾತೈಲ ಸಲೀಸಾಗಿ ಸಿಗತೊಡಗಿತು, ಕಾಯ್ದೆ ಪುಸ್ತಕದಲ್ಲೇ ಉಳಿಯಿತು. ಕೊನೆಗೆ 2000ದಲ್ಲಿ ಸಂಸತ್ತು ಅದನ್ನು ರದ್ದುಮಾಡಿತು.

ಹಳೆಯ ಕಾಯ್ದೆ ರದ್ದಾದ ಮರುವರ್ಷವೇ ಹಳೆಯ ಯೋಚನೆ ಹೊಸ ಹೆಸರಿನಲ್ಲಿ ಮರಳಿತು. 2001ರಲ್ಲಿ ಮೀರಜ್, ಮನಮಾಡ್, ಬರೇಲಿಗಳಲ್ಲಿ ಪ್ರಯೋಗ ನಡೆಯಿತು. 2003ರ ಜನವರಿಯಿಂದ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ 5ರಷ್ಟು ಎಥೆನಾಲ್, ಅಂದರೆ ಅದೇ ಮದ್ಯಸಾರ, ಬೆರೆಸಬೇಕೆಂದಾಯಿತು. ಆ ಒಂಬತ್ತರಲ್ಲಿ ಕರ್ನಾಟಕವೂ ಒಂದು. ಬರಗಾಲಕ್ಕೆ ಕಬ್ಬು ಕೈಕೊಟ್ಟಾಗ ಯೋಜನೆ ಕುಂಟಿತು. 2013–14ರಲ್ಲಿ ದೇಶದ ಸರಾಸರಿ ಬೆರಕೆ ಶೇ 1.53 ಮಾತ್ರ. ಅಲ್ಲಿಂದ ಮುಂದಿನದು ನಾಗಾಲೋಟ. 2022ರ ಜೂನಿನಲ್ಲಿ ಶೇ 10, 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರ ಇ20 ಪೆಟ್ರೋಲಿನ ಬಿಡುಗಡೆ, 2025ರ ಹೊತ್ತಿಗೆ ದೇಶದ ತುಂಬ ಅದೇ ಪೆಟ್ರೋಲು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಕಬ್ಬಿನ ಜೊತೆಗೆ ನುಚ್ಚಕ್ಕಿ, ಮೆಕ್ಕೆಜೋಳವೂ ಡಿಸ್ಟಿಲರಿ ಸೇರಿದವು. ಭತ್ತದ ಗದ್ದೆಗಳ ನಡುವೆ ಬದುಕುವ ಮಾನ್ವಿಯ ಕಾಲುವೆ ಊರುಗಳವರಿಗೆ ಇದು ದೂರದ ಸಂಗತಿಯಲ್ಲ.

ರೈತನ ಬೆಳೆಗೆ ಇನ್ನೊಂದು ಗಿರಾಕಿ ಸಿಕ್ಕಿದ್ದು ಒಳ್ಳೆಯದೇ. ತೈಲ ಆಮದಿನ ಖರ್ಚು ತಗ್ಗಿದ್ದೂ ನಿಜ. ಆದರೆ ಇಪ್ಪತ್ತು ವರ್ಷಗಳ ಈ ಬದಲಾವಣೆಯಲ್ಲಿ, ಹದಿನೈದು ವರ್ಷ ಹಳೆಯ ಗಾಡಿಯನ್ನು ಆರು ತಿಂಗಳು ನಿಲ್ಲಿಸಿ ಹೋಗುವ ಕೂಲಿಕಾರನನ್ನು ಯಾರೂ ನೆನೆಯಲಿಲ್ಲ. ಅವನ ಗಾಡಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಲೇಬೇಕು.

ಒಂದು ಗಾಜಿನ ಬಾಟಲಿಯಲ್ಲಿ 100 ಮಿಲಿಲೀಟರ್ ಇ20 ಪೆಟ್ರೋಲು ತೆಗೆದುಕೊಂಡು, 10 ಮಿಲಿಲೀಟರ್ ನೀರು ಹಾಕಿ, ಕುಲುಕಿ ಇಡಿ. ಸ್ವಲ್ಪ ಹೊತ್ತಿಗೆ ಎರಡು ಪದರ ತಿಳಿಯಾಗುತ್ತವೆ. ಹಾಕಿದ ನೀರು ಹತ್ತೇ ಆದರೂ ತಳದ ಪದರ ಮೂವತ್ತರ ಹತ್ತಿರ ಬಂದಿರುತ್ತದೆ. ಪೆಟ್ರೋಲಿನಲ್ಲಿದ್ದ ಎಥೆನಾಲ್ ಬಹುಪಾಲು ನೀರಿನ ಬೆನ್ನುಹತ್ತಿ ಕೆಳಗಿಳಿದಿದೆ. ಬರೀ ಪೆಟ್ರೋಲಾಗಿದ್ದರೆ ನೀರು ಹತ್ತಕ್ಕೆ ಹತ್ತೇ ಇರುತ್ತಿತ್ತು. ಗಾಡಿಯ ಟ್ಯಾಂಕಿನಲ್ಲಿ ನಡೆಯುವುದೂ ಇದೇ, ನಿಧಾನವಾಗಿ.

ಎಥೆನಾಲಿಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ಅದು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಶೇ 10ರ ಬೆರಕೆಯಾದರೆ ಲೀಟರಿಗೆ ಸುಮಾರು ಒಂದು ಚಮಚ, ಶೇ 20 ಆದರೆ ಇನ್ನಷ್ಟು. ಆ ಮಿತಿ ದಾಟಿದರೆ, ಅಥವಾ ಮಿತಿಯ ಅಂಚಿನಲ್ಲಿರುವಾಗ ಡಿಸೆಂಬರಿನ ರಾತ್ರಿಯ ಚಳಿಗೆ ಟ್ಯಾಂಕು ತಣ್ಣಗಾದರೆ, ನೀರೂ ಎಥೆನಾಲೂ ಒಂದಾಗಿ ತಳ ಸೇರುತ್ತವೆ. ಎಂಜಿನಿಗೆ ಪೆಟ್ರೋಲು ಹೋಗುವುದು ಆ ತಳದಿಂದಲೇ. ಕಿಕ್ಕು ಹೊಡೆದು ಹೊಡೆದು ಕಾಲು ಸೋತರೂ ಗಾಡಿ ಕೆಮ್ಮುವುದಿಲ್ಲ. ಎರಡು ಸ್ಟ್ರೋಕಿನ ಹಳೆಯ ಯೆಜ್ಡಿಯಾದರೆ ಅಪಾಯ ಇನ್ನೂ ದೊಡ್ಡದು. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ, ಹೇಗೋ ಸ್ಟಾರ್ಟ್ ಆದರೂ ಪಿಸ್ಟನ್ನು ಆಯಿಲ್ ಇಲ್ಲದೆ ಒಣಗಿ ಓಡುತ್ತದೆ.

ಆ ತಳದ ನೀರು ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಕಾರ್ಬೊರೇಟರಿನ ಲೋಹಕ್ಕೆ ಬಿಳಿ ಪುಡಿ ಕಟ್ಟಿಸುತ್ತದೆ. ಎಥೆನಾಲಿಗಾಗಿ ಮಾಡಿರದ ಹಳೆಯ ರಬ್ಬರು ಉಬ್ಬುತ್ತದೆ, ಆಮೇಲೆ ಒಣಗಿ ಸೀಳುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಎಥೆನಾಲ್ ಕರಗಿಸಿ ತೊಳೆಯುತ್ತದೆ, ಆ ಕೊಳೆ ಹೋಗಿ ಸೂಜಿಮೊನೆಯಷ್ಟಿರುವ ಜೆಟ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಎಥೆನಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾರ್ಬೊರೇಟರಿನ ಬಟ್ಟಲಲ್ಲಿ ಅಂಟುವ ಹಳದಿ ಗೋಂದು ಪೆಟ್ರೋಲಿನದೇ. ಬಿರುಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿಗೆ ಪೆಟ್ರೋಲಿನ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ, ಬೇಗ ಹೊತ್ತಿಕೊಳ್ಳುವ ಅಂಶಗಳೂ ಅವೇ. ಈ ಸೀಮೆಯ ಒಣಹವೆಯಲ್ಲಿ ಗಾಳಿಯ ತೇವ ಟ್ಯಾಂಕು ಸೇರುವುದೂ ಬಹಳ ನಿಧಾನ. ನಿಜವಾದ ಕಳ್ಳ ಮುಚ್ಚಳದಲ್ಲಿದ್ದಾನೆ. ಟ್ಯಾಂಕಿನ ಮುಚ್ಚಳದ ಸುತ್ತ ಮಳೆನೀರು ಹರಿದುಹೋಗಲು ಇರುವ ಸಣ್ಣ ತೂತು ಧೂಳಿನಿಂದ ಕಟ್ಟಿಕೊಂಡರೆ, ಮೊದಲ ಅಡ್ಡಮಳೆಯ ನೀರು ನೇರ ಒಳಗೆ ಇಳಿಯುತ್ತದೆ. ಗಾಡಿ ಹಳೆಯದಾಗಿ ಮುಚ್ಚಳದ ರಬ್ಬರೂ ಹೋಗಿದ್ದರೆ ಕೇಳುವುದೇ ಬೇಡ.

ಮೈಲೇಜಿನ ದೂರೂ ಪೂರ್ತಿ ಸುಳ್ಳಲ್ಲ. ಲೀಟರು ಎಥೆನಾಲಿನಲ್ಲಿರುವ ಶಕ್ತಿ ಲೀಟರು ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಬರೀ ಪೆಟ್ರೋಲಿಗೆ ಮಾಡಿ ಶೇ 10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳು ಇ20 ಹಾಕಿದರೆ ಶೇ 3ರಿಂದ 4ರಷ್ಟು ಇಂಧನ ದಕ್ಷತೆ ಕಳೆದುಕೊಳ್ಳುತ್ತವೆ ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು.

ಬೇರೆ ದೇಶಗಳು ಈ ದಾರಿಯಲ್ಲಿ ನಡೆಯುವಾಗ ಹಳೆಯ ಗಾಡಿಗಳಿಗೆ ಒಂದಿಷ್ಟು ಜಾಗ ಬಿಟ್ಟವು. ಯುರೋಪಿನಲ್ಲಿ 2018ರಿಂದ ಪ್ರತಿ ಪಂಪಿನ ಮೇಲೂ ಬೆರಕೆಯ ಪ್ರಮಾಣ ಹೇಳುವ ದುಂಡನೆಯ ಚೀಟಿ ಇದೆ. ಬ್ರಿಟನ್ 2021ರಲ್ಲಿ ಇ10ಕ್ಕೆ ಹೋದಾಗ ಹಳೆಯ ವಾಹನಗಳಿಗೆಂದು ಇ5 ಪೆಟ್ರೋಲನ್ನೂ ಉಳಿಸಿಕೊಂಡಿತು. ನಮ್ಮಲ್ಲಿ ಅಂಥ ಆಯ್ಕೆ ಕೇಳಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಬಂಕಿನಲ್ಲಿ ಬೇರೆ ಪೆಟ್ರೋಲು ಸಿಗುವುದಿಲ್ಲ ಎಂದ ಮೇಲೆ ನಿಲ್ಲಿಸುವ ರೀತಿಯನ್ನೇ ಬದಲಿಸಿಕೊಳ್ಳಬೇಕು.

ಇಲ್ಲಿ ಶಕ್ತಿನಗರದ ಬಾಯ್ಲರಿನ ಪಾಠವೇ ಕೆಲಸಕ್ಕೆ ಬರುತ್ತದೆ. ಒಂದೆರಡು ತಿಂಗಳಿಗೆ ಹೋಗುವವರು ಟ್ಯಾಂಕನ್ನು ಪೂರ್ತಿ ತುಂಬಿಸಿ, ನೆರಳಿನಲ್ಲಿ ನಿಲ್ಲಿಸಿ ಹೋಗಲಿ. ಒಳಗೆ ಗಾಳಿಗೆ ಎಡೆ ಇಲ್ಲದಿದ್ದರೆ ತೇವಕ್ಕೂ ಎಡೆ ಇಲ್ಲ. ಹೊಸ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಅವುಗಳಿಗೂ ತುಂಬಿದ ಟ್ಯಾಂಕೇ ಮೇಲು. ಸುಗ್ಗಿಯಿಂದ ಮುಂಗಾರಿನವರೆಗೆ ಹೋಗುವ ಕಾರ್ಬೊರೇಟರ್ ಗಾಡಿಯವರು ಪೆಟ್ರೋಲನ್ನು ಬಯಲಲ್ಲಿ, ಒಲೆ ಬೀಡಿಯಿಂದ ದೂರ ನಿಂತು ತೆಗೆದು, ದಿನಾ ಓಡುವ ಪಕ್ಕದವರ ಗಾಡಿಗೆ ಹಾಕಿಬಿಡಲಿ. ಟ್ಯಾಂಕಿನೊಳಗೆ ಒಂದಿಷ್ಟು ಎಂಜಿನ್ ಆಯಿಲ್ ಸುತ್ತಾಡಿಸಿದರೆ ತುಕ್ಕು ಹಿಡಿಯದು. ಮರಳಿ ಬಂದಾಗ ಆ ಆಯಿಲನ್ನು ಬಸಿದು ಹೊಸ ಪೆಟ್ರೋಲು ಹಾಕಿದರಾಯಿತು. ಎರಡೂ ಆಗದಿದ್ದರೆ ಕನಿಷ್ಠ ಒಂದು ಕೆಲಸ: ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಚಾಲೂ ಬಿಡಬೇಕು. ಆಮೇಲೆ ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿದರೆ ಉಳಿದ ಹನಿಯೂ ಇಳಿಯುತ್ತದೆ. ಐದು ನಿಮಿಷದ ಕೆಲಸ, ಕಾಸು ಖರ್ಚಿಲ್ಲ.

ತೈಲ ಕಂಪನಿಗಳಲ್ಲಿ, ಜಿಲ್ಲಾ ಆಡಳಿತದಲ್ಲಿ ಒಂದು ಮನವಿ. ರಾಯಚೂರು, ದೇವದುರ್ಗ, ಮಾನ್ವಿಯ ಪ್ರತಿ ಬಂಕಿನಲ್ಲೂ ಈ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ, ಗಾಡಿ ನಿಲ್ಲಿಸಿ ಹೋಗುವವರು ಏನು ಮಾಡಬೇಕು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಹಾಕಲಿ. ಗುಳೆಯ ಬಸ್ಸುಗಳು ಹೊರಡುವ ಮೊದಲೇ ಆ ಬೋರ್ಡು ಕಾಣುವಂತಾಗಲಿ.