ಏಷ್ಯಾ ಸೋರ್ಸ್: 2005ರ ಬೆಂಗಳೂರಿನ ಎಂಟು ದಿನ

ಬೆಂಗಳೂರಿನ ಐ.ಟಿ. ಚರಿತ್ರೆ ಎಂದರೆ ನಾವು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಥೆಯನ್ನೇ ಹೇಳಿಕೊಳ್ಳುತ್ತೇವೆ. ಅದೇ ಊರಿನ ಹೊರವಲಯದಲ್ಲಿ, ‘ವಿಸ್ತಾರ್’ ಸಂಸ್ಥೆಯ ಆವರಣದಲ್ಲಿ, 2005ರ ಜನವರಿ 28ರಿಂದ ಫೆಬ್ರವರಿ 4ರವರೆಗೆ ಒಂದು ಶಿಬಿರ ನಡೆಯಿತು. ಹೆಸರು ‘ಏಷ್ಯಾ ಸೋರ್ಸ್’. ಏಷ್ಯಾದ ಹಲವು ದೇಶಗಳಿಂದ ನೂರಕ್ಕೂ ಹೆಚ್ಚು ಜನ ಬಂದಿದ್ದರು. ಸ್ವಯಂಸೇವಾ ಸಂಸ್ಥೆಗಳಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು, ಅವರಿಗೆ ನೆರವಾಗುವವರು, ಮುಕ್ತ ತಂತ್ರಾಂಶ ಬರೆಯುವವರು. ಷೇರುಪೇಟೆಗೆ ಈ ಸಂಗತಿ ಗೊತ್ತಾಗುವ ಕಾರಣವೇ ಇರಲಿಲ್ಲ.

ಇಂಥವರಿಗೊಂದು ಸಮ್ಮೇಳನ ಯಾಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದೆ, ಅಮೆರಿಕಕ್ಕೆ ಹೋಗಬೇಕು. ಅಲ್ಲಿ 1990ರ ದಶಕದಲ್ಲಿ ಸಣ್ಣ ಸಂಸ್ಥೆಗಳಿಗೆ ಊರೂರು ತಿರುಗಿ ಇಮೇಲ್, ಡೇಟಾಬೇಸ್ ಹೊಂದಿಸಿಕೊಡುವವರನ್ನು ‘ಸರ್ಕ್ಯೂಟ್ ರೈಡರ್’ ಎನ್ನುತ್ತಿದ್ದರು. ಕುದುರೆಯೇರಿ ಹಳ್ಳಿಹಳ್ಳಿ ಸುತ್ತುತ್ತಿದ್ದ ಹಳೆಯ ಮೆಥಡಿಸ್ಟ್ ಬೋಧಕರ ಹೆಸರದು. ಜಂಗಮರನ್ನು ಕಂಡ ನಮಗೆ ಈ ಕಲ್ಪನೆ ಹೊಸದೇನಲ್ಲ. ಸಂಸ್ಥೆಯೊಳಗೆ ಕೂತವರದು ಇನ್ನೊಂದು ಪಾಡು. ಲೆಕ್ಕ ಬರೆಯಲೆಂದೋ ವರದಿ ಟೈಪ್ ಮಾಡಲೆಂದೋ ಸೇರಿದ ವ್ಯಕ್ತಿ, ಒಮ್ಮೆ ಪ್ರಿಂಟರ್ ಸರಿಮಾಡಿದ ತಪ್ಪಿಗೆ, ಕಾಯಂ ಆಗಿ ‘ಕಂಪ್ಯೂಟರ್‌ನವರು’ ಆಗಿಬಿಡುತ್ತಾರೆ. ಕೆಲಸದ ಜಾಗದಲ್ಲಿ ಅವರಿಗೆ ಸಹೋದ್ಯೋಗಿಗಳೇನೋ ಇರುತ್ತಾರೆ, ಆದರೆ ಕಸುಬಿನವರು ಯಾರೂ ಇರುವುದಿಲ್ಲ. ಅಮೆರಿಕದಲ್ಲಿ ಇಂಥವರ ಒಕ್ಕೂಟವಾದ ಎನ್‌ಟೆನ್ 2000ದಲ್ಲಿ ಹುಟ್ಟಿತು.

‘ಸೋರ್ಸ್’ ಶಿಬಿರಗಳ ಸರಣಿಯದು ಬೇರೆ ದಾರಿ. 2003ರಲ್ಲಿ ಕ್ರೊಯೇಷಿಯಾದ ವಿಸ್ ದ್ವೀಪದಲ್ಲಿ ಮೊದಲನೆಯದು, 2004ರಲ್ಲಿ ನಮೀಬಿಯಾದ ಒಕಹಂಜದಲ್ಲಿ ಎರಡನೆಯದು, ನಂತರ ಬೆಂಗಳೂರು. 2006ರಲ್ಲಿ ಉಗಾಂಡಾದ ವಿಕ್ಟೋರಿಯಾ ಸರೋವರದ ನಡುವಿನ ಕಲಂಗಾಲ, 2007ರಲ್ಲಿ ಇಂಡೋನೇಷ್ಯಾದ ಸುಕಬೂಮಿ. ದ್ವೀಪ, ಸಣ್ಣ ಪಟ್ಟಣ, ಊರಾಚೆ: ಈ ಆಯ್ಕೆ ಆಕಸ್ಮಿಕವಲ್ಲ ಎಂದೇ ನನ್ನ ಓದು. ಹೋಟೆಲಿನಲ್ಲಿ ನಡೆದರೆ ಸಂಜೆ ಐದಕ್ಕೆ ಎಲ್ಲರೂ ಚದುರುತ್ತಾರೆ. ಇಲ್ಲಿ ಎಲ್ಲಿಗೆ ಹೋಗುವುದು? ಊಟದ ಸಾಲಿನಲ್ಲೂ ಪಾಠ ಮುಂದುವರಿಯುತ್ತದೆ.

ಬೆಂಗಳೂರಿನ ಶಿಬಿರವನ್ನು ನಡೆಸಿದ್ದು ಯುರೋಪಿನ ಟ್ಯಾಕ್ಟಿಕಲ್ ಟೆಕ್ ಮತ್ತು ಇಲ್ಲಿನ ‘ಮಾಹಿತಿ’. ಕಲಾಪ ನಿರ್ವಹಿಸಿದ್ದು ಸ್ಯಾನ್‌ಫ್ರಾನ್ಸಿಸ್ಕೋದ ಆಸ್ಪಿರೇಷನ್. ಆಸ್ಪಿರೇಷನ್ ಕೂಟಗಳ ಪದ್ಧತಿ ನಮ್ಮ ವಿಚಾರಸಂಕಿರಣಗಳಿಗೆ ಹೊಗ್ಗಿದವರನ್ನು ತಬ್ಬಿಬ್ಬುಗೊಳಿಸುವಂಥದ್ದು. ಸ್ಲೈಡ್ ಇಲ್ಲ, ವೇದಿಕೆ ಇಲ್ಲ, ದೀಪ ಬೆಳಗಿಸುವ ಗಣ್ಯರಿಲ್ಲ. ಬಂದವರೇ ಚೀಟಿಗಳಲ್ಲಿ ಪ್ರಶ್ನೆ ಬರೆದು ಗೋಡೆಗೆ ಅಂಟಿಸುತ್ತಾರೆ, ಗೋಡೆಯೇ ಕಾರ್ಯಕ್ರಮ ಪಟ್ಟಿಯಾಗುತ್ತದೆ. ‘ಸ್ಪೀಡ್ ಗೀಕಿಂಗ್’ ಎಂಬ ಆಟದಲ್ಲಿ ಕೆಲವರು ತಮ್ಮ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ವಿವರಿಸುತ್ತಾರೆ. ಗಂಟೆ ಹೊಡೆದೊಡನೆ ಕೇಳುಗರ ಗುಂಪು ಮುಂದಿನ ಮೇಜಿಗೆ. ಮೇಲ್ನೋಟಕ್ಕೆ ಮಕ್ಕಳಾಟ. ಆದರೆ ಹೀಗೆ ಸಡಿಲವಾಗಿ ಕಾಣುವುದನ್ನು ನಡೆಸುವುದು ಬಿಗಿಯಾದ ಪಟ್ಟಿಯನ್ನು ನಡೆಸುವುದಕ್ಕಿಂತ ಕಷ್ಟ. ಯಾರಿಗೆ ಇಂಗ್ಲಿಷ್ ತೊಡಕು, ಯಾರು ಮಾತೇ ಆಡಿಲ್ಲ, ಯಾವ ಇಬ್ಬರು ಒಂದೇ ಸಮಸ್ಯೆ ಹೊತ್ತು ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದಾರೆ ಎಂದು ಯಾರಾದರೂ ಸದಾ ಗಮನಿಸುತ್ತಿರಬೇಕು. ಈ ಗಮನಿಸುವ ಕೆಲಸ ಯಾವ ವರದಿಯಲ್ಲೂ ಸಾಲಾಗಿ ನಿಲ್ಲುವುದಿಲ್ಲ. ವೀಸಾ ಪತ್ರ, ಹಾಸಿಗೆ, ಅನ್ನದ ಲೆಕ್ಕವಂತೂ ಚರಿತ್ರೆಯ ಹತ್ತಿರವೂ ಸುಳಿಯುವುದಿಲ್ಲ.

ಆ ಜನವರಿಯ ಹೊತ್ತೂ ಸಾಮಾನ್ಯವಾದುದಲ್ಲ. ಡಿಸೆಂಬರ್ 26ರ ಸುನಾಮಿ ಕಳೆದು ಆಗಷ್ಟೇ ಒಂದು ತಿಂಗಳಾಗಿತ್ತು. ಕಾಣೆಯಾದವರು, ಪರಿಹಾರ ಶಿಬಿರಗಳು, ನೆರವು ಸಂಸ್ಥೆಗಳ ವಿವರ ಇಡಲು ಶ್ರೀಲಂಕಾದ ಸ್ವಯಂಸೇವಕರು ಆ ವಾರಗಳಲ್ಲೇ ‘ಸಹನ’ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟಿದರು. (ಸಿಂಹಳದಲ್ಲಿ ಈ ಪದಕ್ಕೆ ಪರಿಹಾರ ಎಂಬ ಅರ್ಥ, ನಮ್ಮ ಸಹನೆಯಲ್ಲ.) ಸಂಸ್ಥೆಗಳಿಗೂ ತಂತ್ರಾಂಶ ಬರೆಯುವವರಿಗೂ ಮೊದಲೇ ಪರಿಚಯವಿರಬೇಕು ಎಂಬ ವಾದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಶಿಬಿರದ ಮುಖ್ಯ ವಿಷಯಗಳಲ್ಲಿ ಸ್ಥಳೀಕರಣವೂ ಒಂದು: ತಂತ್ರಾಂಶ ಜನರ ಭಾಷೆಯಲ್ಲಿ ಮಾತಾಡುವಂತೆ ಮಾಡುವುದು. ಅಂದಿನ ಕನ್ನಡದ ಸ್ಥಿತಿ ನೆನೆಯಿರಿ. ನುಡಿ, ಶ್ರೀಲಿಪಿಗಳಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಅಕ್ಷರಗಳ ಕಸ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದಿದ್ದರೂ ಯೂನಿಕೋಡ್ ಬಳಸುವವರು ವಿರಳ. ಕನ್ನಡ ವಿಕಿಪೀಡಿಯ ಶುರುವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಕಾಂಬೋಡಿಯಾದಲ್ಲಂತೂ ವಿಂಡೋಸ್‌ನಲ್ಲಿ ಖ್ಮೇರ್ ಲಿಪಿಗೆ ಬೆಂಬಲವೇ ಇರಲಿಲ್ಲ. ಆ ಕೆಲಸವನ್ನು ಒಂದು ಸ್ವಯಂಸೇವಾ ಸಂಸ್ಥೆಯೇ ಖ್ಮೇರ್‌ಓಎಸ್ ಹೆಸರಿನಲ್ಲಿ ಕೈಗೆತ್ತಿಕೊಂಡಿತ್ತು. ಮಾರುಕಟ್ಟೆ ಕಾಣದ ಕಡೆ ಕಂಪನಿ ಬರುವುದು ನಿಧಾನ. ಅಲ್ಲಿಯವರೆಗೆ ವರದಿ, ಅರ್ಜಿ, ಆರೋಗ್ಯದ ಕರಪತ್ರ ಯಾವ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆ ಸಂಸ್ಥೆಯ ಆ ಒಬ್ಬ ‘ಕಂಪ್ಯೂಟರ್‌ನವರ’ ತಲೆ ಮೇಲೆಯೇ.

ಒಂದು ತಕರಾರನ್ನೂ ಎತ್ತಬೇಕು. ಮುಕ್ತ ತಂತ್ರಾಂಶದಿಂದ ಸ್ವಾವಲಂಬನೆ ಎಂದು ಸಾರಿದ ಈ ಬಗೆಯ ಕೂಟಗಳು ತಾವೇ ಹೆಚ್ಚಾಗಿ ಹೊರಗಿನ ಅನುದಾನವನ್ನು ನೆಚ್ಚಿದ್ದವು. ದಾನಿಗಳ ಆಸಕ್ತಿ ಹೊರಳಿದಾಗ ವಿಷಯವೂ ಹೊರಳುತ್ತದೆ. 2009ರ ಫೆಬ್ರವರಿಯಲ್ಲಿ ಟ್ಯಾಕ್ಟಿಕಲ್ ಟೆಕ್ ಮತ್ತೆ ಬೆಂಗಳೂರಿನಲ್ಲೇ ಶಿಬಿರ ನಡೆಸಿತು. ಆದರೆ ಆಗ ಚರ್ಚೆ ತಂತ್ರಾಂಶದ ಬಗ್ಗೆ ಅಲ್ಲ, ಹಕ್ಕುಗಳ ಹೋರಾಟದಲ್ಲಿ ಮಾಹಿತಿಯನ್ನು ಬಳಸುವ ಬಗೆ. ‘ಮಾಹಿತಿ’ಯ ಸ್ಥಾಪಕರಲ್ಲೊಬ್ಬರಾದ ಸುನಿಲ್ ಅಬ್ರಹಾಂ ಅಷ್ಟರಲ್ಲಿ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯಲ್ಲಿದ್ದರು, 2012ರಿಂದ ಆ ಸಂಸ್ಥೆ ಭಾರತೀಯ ಭಾಷೆಗಳ ವಿಕಿಪೀಡಿಯಗಳ ಕೆಲಸಕ್ಕೂ ಇಳಿಯಿತು, ಕನ್ನಡವೂ ಸೇರಿದಂತೆ.

2005ರಲ್ಲಿ ಇಪ್ಪತ್ತು, ಮೂವತ್ತರ ಹರೆಯದಲ್ಲಿದ್ದವರು ಈಗ ನಲವತ್ತು, ಐವತ್ತರಲ್ಲಿರಬೇಕು. ಗೋಡೆಯ ಚೀಟಿಗಳು ಉಳಿಯುವ ಬಗೆಯವಲ್ಲ. ಆ ಎಂಟು ದಿನ ಅಡುಗೆಮನೆಯ ಹೊಣೆ ಯಾರದಿತ್ತು, ವೈರು ಎಳೆದವರು ಯಾರು, ರಾತ್ರಿ ಜಗುಲಿಯಲ್ಲಿ ಕೂತು ಏನು ಜಗಳವಾಡಿದರು ಎಂದು ಅವರನ್ನು ಈಗಲೂ ಕೇಳಬಹುದು.